ಗಾದೊಕ್ ಅಜ್ಜಿಯ ಕಣ್ಣಳತೆ

ಕಳೆದ ವರ್ಷ ಬುಸಾನಿನ ಒಂದು ಚಿತ್ರಶಾಲೆಯವರು ಫೋನ್ ಮಾಡಿ, ಆ ಹಳದಿ ಹಿನ್ನೆಲೆಯ ಹೆಂಗಸಿನ ಚಿತ್ರ ನಿಮ್ಮ ಕೈಯದ್ದೇ ತಾನೆ ಎಂದು ಕೇಳಿದರು. ಹೋದೆ. ಉದ್ದನೆಯ ಹಜಾರದ ನೆಲದ ಮೇಲೆ ನಮ್ಮ ತೂಗುಚಿತ್ರವನ್ನು ಹಾಸಿದ್ದರು. ಎರಡು ಮಹಡಿ ಎತ್ತರದ ಕೋರಾ ಬಟ್ಟೆ. ತುಂಬ ಹಳದಿ. ಅದರ ನಡುವೆ ನೀಲಿ ಅಂಗಿ ತೊಟ್ಟು, ಎರಡೂ ಕೈ ಚಾಚಿ ನಿಂತ ಒಬ್ಬಳೇ ಹೆಂಗಸು. ತಲೆಗೆ ಕೆಂಪು ಪಟ್ಟಿ. ಅಷ್ಟೇ. ಕನ್ನಡಕದ ಹುಡುಗಿಯೊಬ್ಬಳು ಬರೆದುಕೊಳ್ಳಲು ಸಿದ್ಧಳಾಗಿ, "ಮೇಡಂ, ಇದಕ್ಕೆ ಮಾದರಿಯಾಗಿ ನಿಂತವರು ಯಾರು?" ಎಂದಳು.

"ಬಟ್ಟೆ ಮಗುಚಿ ನೋಡಮ್ಮ" ಎಂದೆ.

ಮಗುಚಲು ಆರು ಜನ ಬೇಕಾಯಿತು. ಹಿಂಬದಿಯಲ್ಲಿ ಕಪ್ಪು ಬಣ್ಣದಲ್ಲಿ ಹೆಸರುಗಳು. ಕೆಲವು ದುಂಡಗೆ, ಕೆಲವು ಸೊಟ್ಟ, ಒಂದೆರಡು ತಪ್ಪು ಕಾಗುಣಿತದವು. ಹುಡುಗಿ ಬಾಗಿ ಎಣಿಸಿದಳು. ನಲವತ್ತಮೂರು.

"ಇಷ್ಟೂ ಜನಾನಾ?"

"ಇಷ್ಟೂ ಜನ. ಇವರ ಜೊತೆಗೆ ಒಬ್ಬ ಮುದುಕಿ. ಅವಳ ಹೆಸರು ಇಲ್ಲಿಲ್ಲ. ಅದನ್ನು ಬರೆಯೋಕೇ ನಾನು ಉಳಿದಿರೋದು ಅನ್ಕೋ."

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತೊಂಬತ್ತರ ಜೂನ್ ತಿಂಗಳು. ಬುಸಾನಿನ ತೊರೆಯೊಂದರ ಪಕ್ಕದ ಶೂ ಕಾರ್ಖಾನೆಯಲ್ಲಿ ಮುನ್ನೂರೈವತ್ತು ಹೆಂಗಸರು ದುಡಿಯುತ್ತಿದ್ದರು. ರಬ್ಬರು ಅಂಟಿನ ವಾಸನೆಗೆ ತಲೆ ಗಿರ್ರೆನ್ನುತ್ತಿತ್ತು. ಉಚ್ಚೆಗೆ ಹೋಗಲೂ ಚೀಟಿ ಪಡೆಯಬೇಕಿತ್ತು. ಒಂದು ಬೆಳಿಗ್ಗೆ ಮಾಲೀಕ, ಯಂತ್ರಗಳನ್ನೆಲ್ಲ ಹಡಗಿಗೆ ಹೇರಿ ಅಗ್ಗದ ಕೈಗಳಿರುವ ದೇಶಕ್ಕೆ ಸಾಗಿಸುತ್ತೇನೆ, ನೀವು ಮನೆಗೆ ನಡೆಯಿರಿ ಎಂದ. ಹತ್ತು ವರ್ಷ ಬೆನ್ನು ಬಗ್ಗಿಸಿದವರಿಗೆ ಒಂದು ಸಾಲಿನ ನೋಟೀಸು. ನಲವತ್ತಮೂರು ಜನ ಯಂತ್ರ ಬಿಟ್ಟು ಏಳಲಿಲ್ಲ. ಮಾಲೀಕ ಗೇಟಿಗೆ ಬೀಗ ಜಡಿದು, ಕಾವಲು ಹಾಕಿ, ಫೋನಿನ ತಂತಿ ಕತ್ತರಿಸಿದ.

ಉಳಿದ ಮುನ್ನೂರು ಚಿಲ್ಲರೆ ಜನ ತೊರೆಯಾಚೆಯ ಗುಡ್ಡದ ಕೇರಿಯಲ್ಲಿದ್ದರು. ಮೇಸ್ತ್ರಿಗಳು ಮನೆ ಮನೆ ಹತ್ತಿ ಇಳಿದು, "ಒಳಗೆ ಯಾರೂ ಇಲ್ಲ, ಎಲ್ಲಾ ರಾಜಿ ಆಗಿ ಹೋದ್ರು" ಎಂದು ಸುಳ್ಳು ಬಿತ್ತುತ್ತಿದ್ದರು. ಸೋಮವಾರ ಬೆಳಿಗ್ಗೆ ಅವರೆಲ್ಲ ಬಂದು, ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟೆ ಎಂಬ ಕಾಗದಕ್ಕೆ, ಸಹಿಯ ಬದಲು, ತಮ್ಮ ಹೆಸರಿನ ಮುದ್ರೆ ಒತ್ತಬೇಕಿತ್ತು. ಒತ್ತಿದರೆ ಮುಗಿಯಿತು. ಮಂಗಳವಾರ ಯಂತ್ರಗಳು ಬಂದರಿಗೆ ಹೊರಡುತ್ತಿದ್ದವು. ಒಳಗಿನ ನಲವತ್ತಮೂರು ಜನರನ್ನು ಪೊಲೀಸರು ಕಸದಂತೆ ಗುಡಿಸಿ ಹಾಕುತ್ತಿದ್ದರು.

ಒಳಗೆ ನಾನೂ ಇದ್ದೆ. ಕಲಾಶಾಲೆ ಬಿಟ್ಟಿದ್ದ ಇಪ್ಪತ್ತಮೂರರ ಹುಡುಗಿ, ಹೆಸರು ಇಂಜು. ಪರದೆ ಎಳೆದ ಕೋಣೆಯಲ್ಲಿ ಎಂಟು ಜನ ಕೂತು ನಿಷೇಧಿತ ಪುಸ್ತಕಗಳ ಕೈಬರಹದ ಪ್ರತಿಗಳನ್ನು ಓದಿ, ಜನರ ಕಲೆ ಹೇಗಿರಬೇಕೆಂದು ಗಂಟಲು ಹರಿಯುವಂತೆ ವಾದಿಸಿ ಬೆಳೆದವಳು. ಆ ಜನ ಚಿತ್ರದಿಂದ ಎಷ್ಟು ದೂರ ನಿಂತಿರುತ್ತಾರೆಂದು ಎರಡು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಗೇಟಿಗೆ ಬೀಗ ಬೀಳುವ ಹಿಂದಿನ ದಿನ ಅಕ್ರಿಲಿಕ್ ಬಣ್ಣದ ಡಬ್ಬಿಗಳನ್ನು ಹೊತ್ತು ಒಳಸೇರಿದ್ದೆ. ತಾರಸಿಯಿಂದ ಗುಡ್ಡಕ್ಕೆ ಕಾಣುವಂತೆ ಒಂದು ತೂಗುಚಿತ್ರ ಬಿಡುವುದು, ನಾವಿದ್ದೇವೆ ಎಂದು ಹೇಳುವುದು, ಇದು ನನಗೆ ಒಪ್ಪಿಸಿದ ಕೆಲಸ.

ಹೆಂಗಸರು ಕೋರಾ ಬಟ್ಟೆಯ ಪಟ್ಟಿಗಳನ್ನು ಶೂ ಹೊಲಿಯುವ ಯಂತ್ರದಲ್ಲೇ ಜೋಡಿಸಿಕೊಟ್ಟರು. ಊಟದ ಹಾಲಿನಲ್ಲಿ ಮೇಜು ಬೆಂಚುಗಳ ನಡುವೆ ಬಟ್ಟೆಯ ಮೂರರಲ್ಲೊಂದು ಪಾಲು ಮಾತ್ರ ಹಾಸಲು ಸಾಧ್ಯವಿತ್ತು. ಬರೆದಷ್ಟನ್ನು ಸುತ್ತುವುದು, ಮುಂದಿನದನ್ನು ಬಿಚ್ಚುವುದು. ನಾಲ್ಕು ದಿನ ಹಾಗೆ ಬರೆದೆ. ನಲವತ್ತಮೂರು ಜನರನ್ನೂ ಒಬ್ಬೊಬ್ಬರಾಗಿ ಎದುರು ಕೂರಿಸಿಕೊಂಡು ನಲವತ್ತಮೂರು ಮುಖ ಬರೆದೆ. ಅಂಟಿನಿಂದ ಒಡೆದ ತುಟಿ, ನಿದ್ದೆಗೆಟ್ಟ ರೆಪ್ಪೆ, ಜಂಗಿಮಳ ಕೆನ್ನೆಯ ಮಚ್ಚೆ, ಯಾವುದನ್ನೂ ಬಿಡಲಿಲ್ಲ. ಪ್ರತಿಯೊಂದು ಬಣ್ಣಕ್ಕೂ ಸ್ವಲ್ಪ ಕಪ್ಪು, ಸ್ವಲ್ಪ ಕಂದು ಬೆರೆಸಿದೆ. ಕಷ್ಟದ ಬಣ್ಣ ಕಂದು ಎಂದು ನಾನು ನಂಬಿದ್ದೆ. ಹೆಂಗಸರು ತಮ್ಮ ತಮ್ಮ ಮುಖದ ಕೆಳಗೆ ತಾವೇ ಹೆಸರು ಬರೆದುಕೊಂಡರು. ಜಂಗಿಮ್ ಎಲ್ಲರಿಗಿಂತ ಚಿಕ್ಕವಳು, ಹತ್ತೊಂಬತ್ತು. ತನ್ನ ಮುಖದ ಎದುರು ಕುಕ್ಕರಗಾಲಲ್ಲಿ ಕೂತು, "ನನ್ನ ಫೋಟೋನೇ ಯಾರೂ ಸರಿಯಾಗಿ ತೆಗೆದಿಲ್ಲ ಅಕ್ಕ" ಎಂದಿದ್ದಳು.

ಶನಿವಾರ ಬೆಳಿಗ್ಗೆ ತಾರಸಿಯಿಂದ ಇಳಿಬಿಟ್ಟೆವು. ಗುಡ್ಡದತ್ತ ಕಿವಿಗೊಟ್ಟು ನಿಂತೆವು. ಒಂದು ಕೂಗಿಲ್ಲ. ಒಂದು ಕೈ ಏಳಲಿಲ್ಲ.

ಮಧ್ಯಾಹ್ನ ಹಿಂದಿನ ಗೋಡೆಯಾಚೆಯಿಂದ ಬುಟ್ಟಿ ಬಂತು. ಹಗ್ಗ ಕಟ್ಟಿ ಎಳೆದುಕೊಳ್ಳುವ ಬುಟ್ಟಿ. ಒಳಗೆ ಅನ್ನದ ಉಂಡೆ, ಹುಳಿಬರಿಸಿದ ಕೋಸಿನ ಕಿಮ್ಚಿ, ಒಣಗಿಸಿದ ಸಣ್ಣ ಮೀನು. ದಿನಾ ತರುತ್ತಿದ್ದವಳು ಗಾದೊಕ್ ಅಜ್ಜಿ. ಗಾದೊಕ್ ದ್ವೀಪದಿಂದ ಬಂದವಳಾದ್ದರಿಂದ ಕೇರಿಗೆಲ್ಲ ಗಾದೊಕ್ ಅಜ್ಜಿ. ನಮ್ಮ ಮುಂದಾಳು ಮಲ್ಸುನ್ ಅಕ್ಕನ ಅತ್ತೆ. ಗೋಡೆಯ ಮೇಲೆ ಅವಳ ಟವೆಲು ಸುತ್ತಿದ ತಲೆ ಮಾತ್ರ ಕಾಣುತ್ತಿತ್ತು.

"ಲೇ ಮಲ್ಸುನ್, ತಾರಸಿ ಮೇಲೆ ಆ ಕೊಳಕು ಕೌದಿ ಒಣಹಾಕಿರೋದು ಯಾರೇ? ಒಗೆದಾದ್ರೂ ಹಾಕಬಾರದೇನ್ರೇ?"

ಹೆಂಗಸರು ನನ್ನ ಮುಖ ನೋಡಿದರು. ಯಾರೋ ಕಿಸಕ್ಕೆಂದರು. ಆಮೇಲೆ ಗುಂಪಿಗೆ ಗುಂಪೇ ನಕ್ಕಿತು. ನಾನು ನಗಲಿಲ್ಲ.

"ಅಜ್ಜಿ, ಅದು ಚಿತ್ರ. ನಿಮ್ಮ ಕಣ್ಣಿಗೆ ಪೊರೆ ಬಂದಿದೆ, ಅದಕ್ಕೇ ಕಾಣ್ತಿಲ್ಲ."

"ಹೂಂ ಕಣವ್ವ, ನಂಗೆ ಪೊರೆ. ಮೇಸ್ತ್ರಿ ಹೆಂಡ್ತಿ ಕಣ್ಣು ಹದ್ದಿನ ಕಣ್ಣು. ಅವಳು ಬೆಳಿಗ್ಗೆಯಿಂದ ಕೇರಿ ತುಂಬ ಹೇಳ್ಕೊಂಡು ಬರ್ತಾವ್ಳೆ, ನೋಡ್ರಿ, ಹಾಸಿಗೆ ಕೊಡವಿ ಕಟ್ತಾ ಇದ್ದಾರೆ, ಇವತ್ತು ನಾಳೆ ಖಾಲಿ ಮಾಡ್ತಾರೆ ಅಂತ. ಅವಳಿಗೂ ಪೊರೆ ಬಂತೇನು?"

ನಗು ನಿಂತಿತು. ಮಲ್ಸುನ್ ಅಕ್ಕ ಕೇಳಿದಳು, "ನಾವಿಲ್ಲೇ ಇದೀವಿ ಅಂತ ನೀವು ಹೇಳ್ಲಿಲ್ವಾ ಅತ್ತೆ?"

"ಗಂಟಲು ಕಿತ್ತುಬರೋ ಹಂಗೆ ಹೇಳ್ದೆ. ನಿನ್ನ ಸೊಸೆ ಒಬ್ಬಳು ಕೂತಿರಬಹುದು, ಸೊಸೆ ಪರ ನೀನು ಮಾತಾಡ್ತೀಯ, ಉಳಿದೋರೆಲ್ಲಿ ತೋರ್ಸು ಅಂತಾರೆ. ಏನ್ ತೋರ್ಸ್ಲಿ? ಕೌದಿ ತೋರ್ಸ್ಲಾ?"

ನನ್ನ ನಾಲ್ಕು ದಿನದ ಕೆಲಸ ಮಾಲೀಕನ ಸುಳ್ಳಿಗೆ ಸಾಕ್ಷಿ ಹೇಳುತ್ತಿತ್ತು. ಆದರೂ ಸೊಕ್ಕು ಇಳಿಯಲಿಲ್ಲ. ಇವಳ ಕುರುಡುಗಣ್ಣಿನ ಮಾತು ನಂಬುವುದು ಹೇಗೆ ಎಂದು, ಕಾವಲಿನವರ ಕಣ್ಣು ತಪ್ಪಿಸಿ ಗೋಡೆ ಹಾರಿ, ತೊರೆ ದಾಟಿ ಅಜ್ಜಿಯ ಜೊತೆ ಗುಡ್ಡ ಹತ್ತಿದೆ. ಮೆಟ್ಟಿಲು ಹತ್ತುತ್ತ ಅವಳು ಏದುಸಿರಿನಲ್ಲೂ ಬೈಯುವುದನ್ನು ನಿಲ್ಲಿಸಲಿಲ್ಲ. ಅವಳ ಮನೆಯ ಮುಂದೆ, ಒಣಮೀನಿನ ತಟ್ಟೆಗಳ ಪಕ್ಕ ನಿಂತು ತಿರುಗಿ ನೋಡಿದೆ.

ಬೂದು ಬಣ್ಣದ ಗೋಡೆ. ಅದರ ಮೇಲೆ ಕೆಸರು ಮೆತ್ತಿದ ಬಟ್ಟೆ.

ನಲವತ್ತಮೂರು ಮುಖಗಳಲ್ಲಿ ಒಂದೂ ಇಲ್ಲ. ಮಚ್ಚೆಯಿಲ್ಲ, ಕಣ್ಣಿಲ್ಲ. ಅಕ್ರಿಲಿಕ್ ಒಣಗಿದ ಮೇಲೆ ಒಂದು ಛಾಯೆ ಕಪ್ಪಾಗುತ್ತದೆಂದು ಗೊತ್ತಿದ್ದೂ ಮರೆತಿದ್ದೆ. ಬಟ್ಟೆಯನ್ನು ಸುತ್ತಿ ಸುತ್ತಿ ಬರೆದವಳು ಅದನ್ನು ಇಡಿಯಾಗಿ ನೋಡಿದ್ದು ಆವತ್ತೇ ಮೊದಲು.

"ಕಣ್ಣು ಅರ್ಧ ಮುಚ್ಚು" ಎಂದಳು ಅಜ್ಜಿ.

"ಯಾಕೆ?"

"ಮುಚ್ಚೇ ಅಂದ್ರೆ! ನಂಗೆ ದೇವ್ರು ಮುಚ್ಚಿದಾನೆ, ನೀನು ನೀನೇ ಮುಚ್ಕೋ. ಈಗ ಹೇಳು, ಕೆಳಗೆ ಏನೇನ್ ಕಾಣುತ್ತೆ?"

ಮುಚ್ಚಿದೆ. ಕೇರಿಯ ಕಿಟಕಿ, ತಂತಿ, ಹಂಚು ಎಲ್ಲ ಕರಗಿದವು. ಉಳಿದಿದ್ದು ಕೆಲವೇ. ತೊರೆಯ ಬಳಿ ನಿಂತ ಒಂದು ನೀಲಿ ಲಾರಿ. ಯಾರದೋ ಹಿತ್ತಲಿನ ಕೆಂಪು ಟಬ್ಬು. ಒಂದು ಹಳದಿ ತಾಡಪಾಲು.

"ನಾನು ಹದಿನೇಳಕ್ಕೆ ಮದುವೆಯಾಗಿ ದ್ವೀಪಕ್ಕೆ ಹೋದೋಳು" ಎಂದಳು ಅಜ್ಜಿ. "ದೋಣಿ ಬರೋ ಹೊತ್ತಿಗೆ ಹೆಂಗಸರೆಲ್ಲ ಗುಡ್ಡದ ಮೇಲೆ. ದೋಣಿ ತುಂಬಿದ್ರೆ ಗಂಡಸರು ಬಾವುಟ ಏರಿಸ್ತಿದ್ರು. ಕೆಂಪು, ಹಳದಿ, ನೀಲಿ. ದೋಣಿ ಇನ್ನೂ ಇರುವೆಯಷ್ಟಿರ್ತಿತ್ತು, ನಮಗೆ ಬಾವುಟ ಕಂಡ್ಬಿಡೋದು. ಒಲೆ ಹಚ್ಚೋಕೆ ಓಡ್ತಿದ್ವಿ." ಅವಳು ನನ್ನ ಮೊಣಕೈಗೆ ತಿವಿದಳು. "ಆ ಬಾವುಟದ ಮೇಲೆ ಹಿಡಿದ ಒಂದೊಂದು ಮೀನಿನ ಚಿತ್ರಾನೂ ಬರೀತಿದ್ರೇನೇ?"

ಎರಡು ವರ್ಷ ಓದಿದ ಪುಟಗಳಲ್ಲಿ ಇದು ಇರಲಿಲ್ಲ. ತೊರೆ ದಾಟಿ ಹಿಂದಿರುಗುವಾಗ ಅಳು ಬರುತ್ತಿತ್ತು. ನಾಚಿಕೆಗೋ, ಹಗುರಾಗಿದ್ದಕ್ಕೋ ಗೊತ್ತಿಲ್ಲ. ಏನು ಮಾಡಬೇಕೆಂಬುದು ಮಾತ್ರ ಗೊತ್ತಿತ್ತು. ಅದನ್ನು ಒಳಗಿನವರಿಗೆ ಹೇಳುವುದು ಹೇಗೆ?

ಬಟ್ಟೆ ಇಳಿಸಿ, ಈ ಸಲ ಮೇಜು ಬೆಂಚುಗಳನ್ನೆಲ್ಲ ಹೊರಗೆ ಹಾಕಿ, ಹಾಲಿನಲ್ಲಿ ಇಡಿಯಾಗಿ ಹಾಸಿಕೊಂಡು ಸುತ್ತ ಕೂತೆವು. ನೇರವಾಗಿ ಹೇಳಿದೆ. "ಮುಖಗಳು ಹೋಗಬೇಕು. ಎಲ್ಲಾ ಮುಖ. ಒಬ್ಬಳೇ ಹೆಂಗಸು, ತಲೆಯಿಂದ ಕಾಲಿನವರೆಗೆ. ಹಿನ್ನೆಲೆಗೆ ಪೂರ್ತಿ ಕೆಂಪು ಬಳಿಯೋಣ."

ಜಂಗಿಮ್ ತನ್ನ ಮುಖದ ಮೇಲೆ ಅಂಗೈ ಊರಿ ಕೂತಳು, ಯಾರೋ ಕಿತ್ತುಕೊಂಡು ಹೋಗುತ್ತಾರೆಂಬಂತೆ.

"ಒಬ್ಬಳು ಅಂದ್ರೆ ಯಾವಳು?" ಅಂಟಿನ ವಿಭಾಗದ ದಪ್ಪನೆಯ ಹೆಂಗಸು ಕೇಳಿದಳು. "ಮಲ್ಸುನಾ? ಮುಂದಾಳಿಗೆ ಮೆರವಣಿಗೆ, ನಮಗೆ ಸುಣ್ಣ?"

"ನನ್ನ ಮೂತಿ ನೋಡಿದ್ರೆ ಬರೋರೂ ಓಡಿಹೋಗ್ತಾರೆ ಕಣೆ" ಎಂದಳು ಮಲ್ಸುನ್ ಅಕ್ಕ. ನಗು ಬರಲಿಲ್ಲ.

"ಅದಿರ್ಲಿ. ಹೆಸರಿನ ಮೇಲೆ ಕೆಂಪು ಬಳೀತೀಯಾ ನೀನು?" ಇನ್ನೊಬ್ಬಳು ಕೇಳಿದಳು. "ಬದುಕಿರೋರ ಹೆಸರನ್ನ ಕೆಂಪು ಶಾಯೀಲಿ ಬರೆಯೋದೇ ಇಲ್ಲ, ಅದು ಸತ್ತೋರಿಗೆ. ನೀನು ನಲವತ್ತಮೂರು ಹೆಸರನ್ನ ಕೆಂಪಲ್ಲಿ ಮುಳುಗಿಸ್ತೀನಿ ಅಂತೀಯ. ನಮ್ಮನ್ನ ಸಾಯಿಸೋಕೆ ಬಂದಿದೀಯಾ?"

ಆಗ ನಾನು ತಪ್ಪು ಮಾಡಿದೆ. ಅದು ಮೂಢನಂಬಿಕೆ, ಎಚ್ಚೆತ್ತ ದುಡಿಯುವ ವರ್ಗ ಇಂಥದ್ದಕ್ಕೆಲ್ಲ ಹೆದರಬಾರದು ಎಂದು ಓದಿನ ಕೋಣೆಯ ಭಾಷಣ ಶುರು ಮಾಡಿದೆ. ಮೂರನೇ ವಾಕ್ಯಕ್ಕೆ ಮಲ್ಸುನ್ ಅಕ್ಕ ಕೈ ಎತ್ತಿದಳು.

"ಇಂಜು, ನಿನ್ನ ಹೆಸರು ಈ ಬಟ್ಟೆ ಮೇಲಿದೆಯಾ?"

"ಇಲ್ಲ."

"ಹಂಗಾದ್ರೆ ಬಾಯಿ ಮುಚ್ಚು."

ಮುಚ್ಚಿದೆ. ಇವತ್ತಿಗೂ ಆ ಒಂದು ಮಾತಿಗೆ ಅವಳಿಗೆ ತಲೆಬಾಗುತ್ತೇನೆ.

ಅವಳು ಶೂ ಮೇಲ್ಭಾಗದ ಚರ್ಮ ಕತ್ತರಿಸುವವಳು, ಹದಿನಾಲ್ಕು ವರ್ಷದ ಕೈ. ಬಟ್ಟೆಯ ಸುತ್ತ ಒಂದು ಸುತ್ತು ನಡೆದು ಬಂದು ಹೇಳಿದಳು. "ಯಾವ ತುಂಡು ತೆಗೆದ್ರೂ ಶೂ ನಿಲ್ಲುತ್ತೋ, ಆ ತುಂಡು ಬೇಕಾಗಿರ್ಲಿಲ್ಲ ಅಂತ ಅರ್ಥ. ಮುಖ ತೆಗೀಬೇಕು, ಅತ್ತೆ ಹೇಳಿದ್ದು ಸರಿ. ಕೆಂಪು ಹಿನ್ನೆಲೆ ಬೇಡ, ಹಳದಿ ಇರ್ಲಿ. ಹೆಸರಿನ ಮಾತು ಒಂದು. ಇನ್ನೊಂದು, ದೂರದಿಂದ ಬರೀ ಕೆಂಪು ಕಂಡ್ರೆ ಮೇಸ್ತ್ರಿಗೆ ಹಬ್ಬ. ನೋಡ್ರಿ, ಕಮ್ಯುನಿಸ್ಟರು ಹೊಕ್ಕಿದಾರೆ ಅಂತ ಪೊಲೀಸರನ್ನ ಇವತ್ತೇ ಕರೀತಾನೆ. ಹೆಸರುಗಳನ್ನ ಮೊದಲು ಹಿಂದುಗಡೆ ಕಪ್ಪಲ್ಲಿ ಬರೀರಿ. ಆಮೇಲೆ ಅವರವರ ಮುಖ ಅವರವರೇ ಮುಚ್ಚಲಿ. ಬೇರೆಯೋರ ಕೈ ಬೇಡ."

ಬಟ್ಟೆ ಮಗುಚಿದೆವು. ಒಬ್ಬೊಬ್ಬರಾಗಿ ಬಾಗಿ ಹೆಸರು ಬರೆದರು. ಮತ್ತೆ ಮಗುಚಿ ಬಿಳಿ ಬಣ್ಣದ ಡಬ್ಬಿ ನಡುವೆ ಇಟ್ಟೆವು. ಹಳದಿ ತೆಳ್ಳನೆಯ ಬಣ್ಣ. ಕಂದಿನ ಮೇಲೆ ನೇರವಾಗಿ ಬಳಿದರೆ ಹಸಿರುಗಟ್ಟಿದ ಕೆಸರಾಗುತ್ತದೆ. ಕೆಳಗೆ ಗಟ್ಟಿಯಾಗಿ ಬಿಳಿ ಇರಲೇಬೇಕು. ಅಂಟಿನ ಕುಂಚಗಳನ್ನು ತೊಳೆದುಕೊಂಡು ಹೆಂಗಸರು ತಮ್ಮ ತಮ್ಮ ಮುಖದ ಎದುರು ಕೂತರು.

"ನನ್ನ ಸುಕ್ಕೆಲ್ಲ ಒಂದೇ ಏಟಿಗೆ ಹೋಯ್ತಲ್ಲೇ! ಯಾವ ಕ್ರೀಮಿಗೂ ಆಗಿರ್ಲಿಲ್ಲ" ಎಂದಳು ಅಂಟಿನ ವಿಭಾಗದವಳು. ಆಗ ನಕ್ಕರು, ಕೆಲವರು ಅಳುತ್ತಲೇ. ಜಂಗಿಮ್ ಹಣೆಯಿಂದ ಶುರುಮಾಡಿ, ಮೂಗು, ಗಲ್ಲ ಎಲ್ಲ ಮುಚ್ಚಿ, ಮಚ್ಚೆಯ ಹತ್ತಿರ ಬಂದು ನಿಂತಳು. ಬಿಳಿಯ ನಡುವೆ ಒಂದು ಕಂದು ಚುಕ್ಕೆ. ಬಹಳ ಹೊತ್ತು ನೋಡಿದಳು. ಕುಂಚದ ತುದಿಯಿಂದ ಮೆಲ್ಲಗೆ ಒತ್ತಿದಳು. ಸಂಜೆಯೊಳಗೆ ಬಟ್ಟೆ ಖಾಲಿ ಗೋಡೆಯ ಹಾಗಿತ್ತು.

ಭಾನುವಾರ ಬೆಳಿಗ್ಗೆ ಇದ್ದಿಲಿನಲ್ಲಿ ಗೆರೆ ಎಳೆದೆ. ನನ್ನ ಕೈ ಹಳೆಯ ಚಾಳಿ ಬಿಡಲಿಲ್ಲ. ಬೆರಳಿಗೆ ಗಿಣ್ಣು ಬರೆದೆ. "ಬೆರಳು ಯಾಕೆ? ಚಳಿಗಾಲದ ಬೆರಳಿಲ್ಲದ ಕೈಗವಸಿನ ಹಾಗಿರ್ಲಿ" ಎಂದಳು ಮಲ್ಸುನ್ ಅಕ್ಕ. ಅಂಗಿಗೆ ಗುಂಡಿ ಬರೆದೆ. "ಗುಂಡಿ ತೆಗೆದ್ರೆ ಶೂ ನಿಲ್ಲುತ್ತಾ?" ಎಂದು ಜಂಗಿಮ್ ಅಣಕಿಸಿದಳು. ಅಳಿಸಿದೆ. ಕೆನ್ನೆಗೆ ನೆರಳು ಕೊಡುತ್ತೇನೆಂದಾಗ ಎಲ್ಲರೂ ಒಟ್ಟಿಗೆ ಕಣ್ಣು ಅರ್ಧ ಮುಚ್ಚಿ, ಗಾದೊಕ್ ಅಜ್ಜಿಯ ಹಾಗೆ ಕತ್ತು ಚಾಚಿ, "ಕಾಣಲ್ಲ ಕಣವ್ವಾ" ಎಂದರು. ಮುಖದಲ್ಲಿ ಕೊನೆಗೆ ಉಳಿದದ್ದು ತೆರೆದ ಬಾಯಿ ಒಂದೇ. ಅದನ್ನು ತೆಗೆಯಲು ಯಾರೂ ಒಪ್ಪಲಿಲ್ಲ.

ಆಮೇಲೆ ಬಣ್ಣ. ಬೆರೆಸಲಿಲ್ಲ. ಡಬ್ಬಿಯಲ್ಲಿದ್ದದ್ದು ಬಟ್ಟೆಗೆ. ಮೊದಲ ಹಳದಿ ಬಿಳಿಯ ಮೇಲೆ ಬಿದ್ದಾಗ ಊಟದ ಹಾಲಿನ ಸೂರು ಕೂಡ ಹಳದಿಯಾಯಿತು. ನಲವತ್ತಮೂರು ಜನ ನಾಲ್ಕೂ ಕಡೆಯಿಂದ ಬಳಿಯುತ್ತ ಬಂದರು. ಕೆಲಸದ ಅಂಗಿಗೆ ನೀಲಿ. ಗೆರೆಗೆ ಕಪ್ಪು, ನಮ್ಮ ಅಂಗೈ ಅಗಲದ್ದು. ತಲೆಪಟ್ಟಿಯ ಕೆಂಪು ಮಾತ್ರ ಬಾಕಿ. ಆ ಜಾಗದಲ್ಲಿ ಮೊದಲು ಯಾರ ಹೆಸರಿತ್ತು ಎಂದು ಲೆಕ್ಕ ಹಾಕಿದರು. ಮಲ್ಸುನ್ ಅಕ್ಕನದು.

"ಅಯ್ಯೋ" ಎಂದರು ಯಾರೋ.

"ಕೆಳಗೆ ಇನ್ನೊಂದು ಸಲ ಬಿಳಿ ಹೊಡೆದುಬಿಡಿ" ಎಂದಳು ಅಕ್ಕ. "ಹಿಂದೆ ನನ್ನ ಹೆಸರು ಕಪ್ಪಗೆ ಗುಂಡುಕಲ್ಲಿನ ಹಾಗಿದೆ. ಸಾಯೋದಿದ್ರೆ ಆ ಮಾಲೀಕನ ತಿಥಿ ಉಂಡೇ ಸಾಯೋದು." ತಾನೇ ಕೆಂಪು ಬಳಿದಳು. ಅವಳ ಕೈ ಚೂರೂ ಅಲುಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಲುಗಿತು. ಪಟ್ಟಿಯ ಎಡ ಅಂಚು ಈಗಲೂ ಸೊಟ್ಟಗಿದೆ.

ಮಧ್ಯಾಹ್ನದ ಬುಟ್ಟಿಯ ಜೊತೆ ಬಂದ ಅಜ್ಜಿಗೆ ಹೇಳಿ ಕಳಿಸಿದೆವು. ನಾಲ್ಕು ಗಂಟೆಗೆ ಬಿಸಿಲು ತಾರಸಿಯ ಮುಖಕ್ಕೆ ಬೀಳುವಾಗ ಇಳಿಬಿಡುತ್ತೇವೆ. ಕಂಡರೆ ಏನಾದರೂ ಸನ್ನೆ ಮಾಡಿ.

"ನಂಗೆ ಕಂಡ್ರೆ ಊರಿಗೆಲ್ಲಾ ಕಂಡಂಗೆ" ಎಂದು ಹೋದಳು.

ನಾಲ್ಕಕ್ಕೆ ಹಗ್ಗ ಬಿಟ್ಟೆವು. ಬಟ್ಟೆ ಧಪ್ಪೆಂದು ಬಿಚ್ಚಿಕೊಂಡಿತು. ನಮಗೆ ಮೇಲಿನಿಂದ ಅದರ ಹಿಂಬದಿಯ ಅಂಚು, ಒಂದೆರಡು ಹೆಸರು ಮಾತ್ರ ಕಾಣುತ್ತಿತ್ತು. ಎದುರಿಗೆ ಗುಡ್ಡ, ಬೂದು ಹಂಚು, ಬೂದು ಗೋಡೆ. ಜಂಗಿಮ್ ನನ್ನ ತೋಳು ಹಿಡಿದಿದ್ದಳು. ಅವಳ ಉಗುರು ಚರ್ಮಕ್ಕೆ ಇಳಿದಿತ್ತು. ಒಂದು ನಿಮಿಷ. ಎರಡು. ಸನ್ನೆಯಿಲ್ಲ.

ಆಮೇಲೆ ಗುಡ್ಡದ ಅರ್ಧದಲ್ಲಿ, ಒಣಮೀನಿನ ಮನೆಯ ಮಾಡಿನ ಮೇಲೆ, ಕುಳ್ಳಗಿನ ಒಂದು ಆಕೃತಿ ಹತ್ತಿತು. ಅವಳ ಕೈಯಿಂದ ಒಂದು ಕೆಂಪು ಬಿಚ್ಚಿಕೊಂಡಿತು. ಕೌದಿ. ಮದುವೆಯ ಕಾಲದ ಕೆಂಪು ರೇಷ್ಮೆಯ ಕೌದಿ.

"ಅತ್ತೆ! ಮಾಡಿನಿಂದ ಬಿದ್ದು ಸಾಯ್ತೀರ!" ಮಲ್ಸುನ್ ಅಕ್ಕ ಇಲ್ಲಿಂದ ಕೂಗಿದಳು, ಅಲ್ಲಿಗೆ ಕೇಳಿಸುವುದೆಂಬಂತೆ.

ಪಕ್ಕದ ಮಾಡಿನ ಮೇಲೆ ಒಂದು ಹಸಿರು ಹಾಸಿಗೆ. ಅದರ ಕೆಳಗಿನ ಸಾಲಿನಲ್ಲಿ ಹಳದಿ ಮೇಜುಹಾಸು. ಯಾರೋ ಮಗುವಿನ ಹುಟ್ಟುಹಬ್ಬದ ಬಣ್ಣಬಣ್ಣದ ಪಟ್ಟಿ ತೋಳಿನ ಅಂಗಿಯನ್ನು ಕೋಲಿಗೆ ಸಿಕ್ಕಿಸಿ ಬೀಸಿದರು. ಅರ್ಧ ಗಂಟೆಯೊಳಗೆ ಗುಡ್ಡದ ಬೂದು ಕಾಣದಾಯಿತು. ಕೇರಿಯ ಕೌದಿಗಳೆಲ್ಲ ಹೊರಗೆ. ನಲವತ್ತಮೂರು ಜನ ತಾರಸಿಯ ಮೇಲೆ ಕುಣಿದರು. ನಾನು ಮೂಲೆಯಲ್ಲಿ ಕೂತು, ಮಂಡಿಯ ನಡುವೆ ತಲೆಯಿಟ್ಟು ಅತ್ತೆ.

ಸೋಮವಾರ ಬೆಳಿಗ್ಗೆ ಮುದ್ರೆಯ ಮೇಜಿನ ಮುಂದೆ ಯಾರೂ ನಿಲ್ಲಲಿಲ್ಲ. ಮುನ್ನೂರು ಜನ ತೊರೆ ದಾಟಿ ಹಿಂದಿನ ಗೋಡೆಗೆ ಬಂದರು. ಕೆಲವರು ಕೌದಿ ಹೆಗಲ ಮೇಲೆ ಹಾಕಿಕೊಂಡೇ ಬಂದಿದ್ದರು, ಮಲಗಲು ಬೇಕಲ್ಲ. ಮಂಗಳವಾರ ಯಂತ್ರ ಹೊರಡಲಿಲ್ಲ. ಅವು ಇನ್ನೂ ಎರಡು ವರ್ಷ ಆ ಊರಿನಲ್ಲೇ ಓಡಿದವು. ಕೊನೆಗೆ ಹೋದವು, ಸುಳ್ಳು ಹೇಳಲಾರೆ. ಬಂಡವಾಳ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದು. ಆದರೆ ಸ್ವಂತ ಇಚ್ಛೆಯಿಂದ ಹೋದೆ ಎಂಬ ಸುಳ್ಳು ಕಾಗದಕ್ಕೆ ಒಬ್ಬಳೂ ಮುದ್ರೆ ಒತ್ತಲಿಲ್ಲ. ಎಲ್ಲರೂ ತಮಗೆ ಬರಬೇಕಾದದ್ದನ್ನು ಪಡೆದು, ಮುಂದಿನ ಗೇಟಿನಿಂದ ಹೊರಬಂದರು.

ನಾನು ಅಲ್ಲಿಂದ ಮುಂದೆ ನೂರಾರು ತೂಗುಚಿತ್ರ ಬರೆದೆ. ಪ್ರತಿ ಸಲವೂ ಹತ್ತಿರದ ಗುಡ್ಡವೋ ಮಹಡಿಯೋ ಹತ್ತಿ, ಕಣ್ಣು ಅರ್ಧ ಮುಚ್ಚಿ ನಿಲ್ಲುತ್ತೇನೆ. ಅಜ್ಜಿಯ ಪೊರೆಯನ್ನು ಆಮೇಲೆ ಆಸ್ಪತ್ರೆಯಲ್ಲಿ ತೆಗೆದರು. ನನ್ನ ಹೊಸ ಚಿತ್ರವೊಂದನ್ನು ನೋಡಿ, "ಈಗ ಎಲ್ಲಾ ಕಾಣ್ಸುತ್ತೆ ಕಣೆ, ನಿನ್ನ ತಪ್ಪೆಲ್ಲಾ ಕಾಣ್ಸುತ್ತೆ. ಮೊದಲೇ ಚೆನ್ನಾಗಿತ್ತು" ಎಂದು ಬೈದಳು. ಅವಳ ಹೆಸರು ಛೊನ್ ಗುಪ್ಸುನ್. ತೀರಿಕೊಂಡಾಗ ಅಡ್ಡಬಿದ್ದು ಬಂದೆ. ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ, ಅಜ್ಜಿ.

ಚಿತ್ರಶಾಲೆಯ ಹುಡುಗಿ ಎಲ್ಲ ಕೇಳಿಸಿಕೊಂಡು, ಬಟ್ಟೆಯನ್ನು ಮತ್ತೆ ಮಗುಚಿಸಿ, ನನ್ನನ್ನು ಅದರ ಕೆಳಗಿನ ಮೂಲೆಗೆ ಕರೆದೊಯ್ದಳು. ಹಳದಿ ಒಂದು ಕಡೆ ಚಕ್ಕೆ ಎದ್ದು, ಬಿಳಿಯೂ ಉದುರಿ, ಅಂಗೈಯಷ್ಟು ಜಾಗದಲ್ಲಿ ಹಳೆಯ ಕಂದು ಕಾಣುತ್ತಿತ್ತು. "ಇದನ್ನ ಸರಿಮಾಡೋದಾ, ಹಾಗೇ ಬಿಡೋದಾ?" ಬಾಗಿ ನೋಡಿದೆ. ಒಂದು ಕೆನ್ನೆ. ಕೆನ್ನೆಯ ಮೇಲೆ ಮಚ್ಚೆ.

"ಅದನ್ನ ನನ್ನ ಕೇಳಬೇಡ. ಅವರವರ ಮುಖ ಅವರವರದು" ಎಂದು ಜಂಗಿಮಳಿಗೆ ಫೋನ್ ಮಾಡಿದೆ.

ಅವಳು ಈಗ ಮೀನಿನ ವಡೆಯ ಅಂಗಡಿ ನಡೆಸುತ್ತಾಳೆ, ಮೂರು ಮೊಮ್ಮಕ್ಕಳ ಅಜ್ಜಿ. ಏಪ್ರನ್ ಬಿಚ್ಚದೆಯೇ ಬಂದಳು. ಮಂಡಿಯೂರಿ ತನ್ನ ಹತ್ತೊಂಬತ್ತರ ಕೆನ್ನೆಯನ್ನು ನೋಡಿದಳು. ಬೆರಳ ತುದಿಯಿಂದ ಮುಟ್ಟಲು ಹೋಗಿ, ಹುಡುಗಿಯ ಮುಖ ನೋಡಿ ಕೈ ಹಿಂದೆಗೆದಳು. ಆಮೇಲೆ ಎದ್ದು ಹಜಾರದ ಆ ತುದಿಯವರೆಗೆ, ಬಾಗಿಲಿಗೆ ಬೆನ್ನು ತಾಗುವವರೆಗೆ ಹಿಂದೆ ಹಿಂದೆ ನಡೆದಳು. ಕಣ್ಣು ಅರ್ಧ ಮುಚ್ಚಿದಳು.

"ಇಲ್ಲಿಂದ ಕಾಣಲ್ಲ ಅಕ್ಕ" ಎಂದು ಅಲ್ಲಿಂದಲೇ ಕೂಗಿದಳು. "ಇರ್ಲಿ ಬಿಡಿ."